ಮೂವತ್ತನಾಲ್ಕು ಅಂಕದ ಪತ್ತೇದಾರಿ

ಚಿಂತೆ ಮಾಡುವುದಕ್ಕೆ ಸ್ವಂತ ಕಾರಣವೇ ಇರಬೇಕೆಂಬ ನಿಯಮವೇನೂ ಇಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಸ್ವಂತ ಕಾರಣಗಳು ಮುಗಿದ ದಿನ ಅಕ್ಕಪಕ್ಕದವರ ಕಾರಣಗಳನ್ನು ಕೇಳಿ ತಂದಾದರೂ ಚಿಂತಿಸುತ್ತೇನೆ. ಫ್ರೀವೇಯಲ್ಲಿ ಯಾರೋ ಕಾರಿನ ನೆತ್ತಿಗೆ ಹಾಸಿಗೆಯೊಂದನ್ನು ತೆಳ್ಳನೆಯ ಹಗ್ಗದಲ್ಲಿ ಕಟ್ಟಿಕೊಂಡು ಹೋಗುತ್ತಿರುತ್ತಾರೆ. ಕಾರಿನವನು ಆರಾಮವಾಗಿ ಹಾಡು ಕೇಳುತ್ತಿರುತ್ತಾನೆ. ಹಿಂದಿನ ಕಾರಿನಲ್ಲಿ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಆ ಹಗ್ಗದ ಗಂಟನ್ನೇ ನೋಡುತ್ತ ಹೋಗುವವನು ನಾನು. ಒಮ್ಮೆ ಹೀಗೆ ಸನ್ನಿವೇಲ್‌ನಲ್ಲಿ ಇಳಿಯಬೇಕಾದವನು, ಗುರುತು ಪರಿಚಯವಿಲ್ಲದವರ ಹಾಸಿಗೆಯನ್ನು ಎರಡು ಊರು ದಾಟಿಸಿ ವಾಪಸು ಬಂದಿದ್ದೇನೆ. "ಕಂಪನಿಯವ್ರು ನಿಮಗೆ ಸಂಬಳ ಕೊಡೋದು ಸಾಫ್ಟ್‌ವೇರ್ ಟೆಸ್ಟ್ ಮಾಡಕ್ಕೆ, ಊರಿನ ಹಗ್ಗ ಎಲ್ಲಾ ಟೆಸ್ಟ್ ಮಾಡಕ್ಕಲ್ಲ" ಎನ್ನುತ್ತಾಳೆ ನನ್ನ ಹೆಂಡತಿ ಸುಜಾತ. ಅವಳ ಮಾತು ಅರ್ಧ ಸರಿ. ಎಲ್ಲಿ ಏನು ಕೆಡಬಹುದು ಎಂದು ವರ್ಷಾನುಗಟ್ಟಲೆ ಹುಡುಕಿ ಹುಡುಕಿ, ಈಗ ಕೆಡದೆ ಇರುವುದನ್ನು ಕಂಡರೇ ನನಗೆ ಹೆಚ್ಚು ಅನುಮಾನ.

ಇಂಥವನ ಪಾಲಿಗೆ ಈ ವರ್ಷ ಬಂದು ಬಿದ್ದದ್ದು ಒಂದು ಅಪರಾಧ ಧಾರಾವಾಹಿಯ ವಿಮರ್ಶೆ. ಧಾರಾವಾಹಿ ನನ್ನದಲ್ಲ, ಪ್ಲೆಸೆಂಟನ್‌ನಲ್ಲಿರುವ ನನ್ನ ನಾದಿನಿ ರೂಪಳ ಮಗಳು ನಿಧಿಯದು. ನಿಧಿ ಎಂದರೆ ನಮ್ಮ ಬಳಗದಲ್ಲಿ ಹುಟ್ಟಿದ ಮೊದಲ ಅಮೆರಿಕನ್ ಪ್ರಜೆ. ಓದಿ, ಫಾಸ್ಟರ್ ಸಿಟಿಯಲ್ಲಿ ಔಷಧ ಕಂಪನಿಯ ಲ್ಯಾಬಿನಲ್ಲಿ ಒಳ್ಳೆಯ ಕೆಲಸ ಹಿಡಿದಿದ್ದವಳು, ಒಂದು ಭಾನುವಾರ ಊಟದ ನಡುವೆ "ನಾನು ಲಾಸ್ ಏಂಜಲೀಸ್‌ಗೆ ಹೋಗಿ ಟೀವಿಗೆ ಬರೀತೀನಿ" ಎಂದಳು. ರೂಪ ಸಾರಿನ ಸೌಟನ್ನು ಮೊಸರಿನ ಪಾತ್ರೆಗೆ ಹಾಕಿದಳು. ರೂಪಳ ಗಂಡ, ಅಂದರೆ ನನ್ನ ಷಡ್ಡಕ ನಾಗೇಂದ್ರ, ಮುಂದೆ ಎಷ್ಟೋ ಕಾಲ ಆ ಕಂಪನಿಯ ಕಟ್ಟಡದ ಮುಂದೆ ಹಾದುಹೋಗಬೇಕಾದಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದ. ಹುಡುಗಿ ಹೋದಳು. ದೊಡ್ಡ ದೊಡ್ಡ ಬರಹಗಾರರಿಗೆ ಕಾಫಿ ತಂದುಕೊಟ್ಟಳು, ಅವರು ಹೇಳಿದ್ದನ್ನು ಟೈಪು ಮಾಡಿದಳು, ಕೊನೆಗೊಂದು ದಿನ ತಾನೇ ಬರಹಗಾರ್ತಿಯಾಗಿ ಒಂದು ಧಾರಾವಾಹಿ ಸೇರಿದಳು. ಸೇರುವಾಗ ಅಮ್ಮನಿಗೆ ಮಾತು ಕೊಟ್ಟಿದ್ದಳು: ಇದು ಒಂದೇ ಸೀಸನ್ನಿಗೆ ನಿಂತುಹೋದರೆ ವಾಪಸು ಲ್ಯಾಬಿಗೆ ಬರುತ್ತೇನೆ ಎಂದು.

ಅವಳು ಸೇರಿದ್ದು ಒಂದು ಸ್ಪಿನ್ಆಫ್. ಇದನ್ನು ವಿವರಿಸಲು ನಮ್ಮ ಕಡೆಯ ಕರಿಬೇವಿನ ಗಿಡ ಸಾಕು. ಯಾರದೋ ಹಿತ್ತಲಲ್ಲಿ ಸೊಂಪಾಗಿ ಬೆಳೆದ ಗಿಡದ ಬುಡದಲ್ಲಿ ಒಂದು ಮರಿ ಎದ್ದಿರುತ್ತದೆ. ಅದನ್ನು ಕಿತ್ತು ತಂದು ನಮ್ಮ ಕುಂಡದಲ್ಲಿ ನೆಟ್ಟು, ಅದೂ ಹಾಗೇ ಬೆಳೆಯಲಿ ಎಂದು ಕಾಯುತ್ತೇವೆ. ಹಾಗೆಯೇ, ಬಹಳ ವರ್ಷ ಓಡಿದ ಒಂದು ಪೊಲೀಸ್ ಧಾರಾವಾಹಿಯಲ್ಲಿ ಮೂಲೆಯಲ್ಲಿ ನಿಂತು ಫೈಲು ಕೊಡುತ್ತಿದ್ದ ಮಹಿಳಾ ಡಿಟೆಕ್ಟಿವ್ ಒಬ್ಬಳನ್ನು ಕಿತ್ತು, ಬೇರೆ ಊರಿಗೆ ವರ್ಗ ಮಾಡಿಸಿ, ಅವಳಿಗೆ ಒಂದು ಪುಟ್ಟ ಮಗುವನ್ನೂ ಒಂದಷ್ಟು ಹೆಣಗಳನ್ನೂ ಕೊಟ್ಟು ಬೇರೆ ಧಾರಾವಾಹಿ ಮಾಡಿದ್ದರು. ಮೂಲ ಧಾರಾವಾಹಿಯನ್ನು ನಮ್ಮ ಬಳಗದಲ್ಲಿ ಪೂರ್ತಿ ನೋಡಿದವನು ನಾನೊಬ್ಬನೇ. ಶನಿವಾರಗಳಂದು ಒಗೆದ ಬಟ್ಟೆ ಮಡಿಸುತ್ತ ನೋಡಿದ್ದು. ಒಂದೊಂದು ಕೊಲೆಗೂ ನನಗೆ ಒಂದೊಂದು ಟವೆಲ್ಲಿನ ನೆನಪಿದೆ. ಹೀಗಾಗಿ, ಬಂಧುಗಳ ನಡುವೆ ನಾನು ಅಪರಾಧ ಶಾಸ್ತ್ರದ ಪಂಡಿತ.

ಧಾರಾವಾಹಿಯ ಎಲ್ಲ ಕಂತುಗಳೂ ಒಟ್ಟಿಗೇ ಬಂದವು, ಮರುದಿನವೇ ಪತ್ರಿಕೆಗಳ ವಿಮರ್ಶೆಗಳೂ ಬಂದವು. ಒಬ್ಬರು, ಕಥೆಯಲ್ಲಿ ಹೆಣಗಳಷ್ಟೇ ಮನುಷ್ಯರೂ ತಣ್ಣಗಿದ್ದಾರೆ ಎಂದಿದ್ದರು. ಇನ್ನೊಬ್ಬರು, ತಾಯಿ ಧಾರಾವಾಹಿಗೆ ಮಾಡಿದ ಅವಮಾನ ಎಂದಿದ್ದರು. ಮೂರನೆಯವರು ಮಾತ್ರ ಛಾಯಾಗ್ರಹಣವನ್ನು ಹೊಗಳಿದ್ದರು. ನಾನು ಸಂತೋಷದಿಂದ ಓದುತ್ತ ಹೋದೆ, ಮುಂದಿನ ಸಾಲಿನಲ್ಲಿ, ಕಣ್ಣು ಮುಚ್ಚಿಕೊಳ್ಳಲು ಮನಸ್ಸು ಬಾರದಿರುವುದಕ್ಕೆ ಅದೊಂದೇ ಕಾರಣ ಎಂದಿತ್ತು. ಇವೆಲ್ಲವನ್ನೂ ಕೂಡಿಸಿ, ಭಾಗಿಸಿ, ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ವೆಬ್‌ಸೈಟೊಂದಿದೆ. ಅದು ಕೊಟ್ಟದ್ದು ಮೂವತ್ತನಾಲ್ಕು.

ಬೇರೆ ದೇಶದ ತಂದೆತಾಯಿಗಳಿಗೆ ಈ ಸಂಖ್ಯೆ ಏನನ್ನಿಸುತ್ತದೋ ಗೊತ್ತಿಲ್ಲ. ಮೂವತ್ತೈದಕ್ಕೆ ಪಾಸು ಮಾಡುವ ನಾಡಿನಿಂದ ಬಂದವರಿಗೆ ಮೂವತ್ತನಾಲ್ಕು ಎಂದರೆ ಎದೆಗೆ ಒದ್ದ ಹಾಗೆ. ನಾಗೇಂದ್ರ ಫೋನು ಮಾಡಿದ.

"ಭಾವ, ಒಂದೇ ಒಂದು ಮಾರ್ಕು ಕಣ್ರೀ."

"ಇಲ್ಲಿ ಅದು ಹಂಗಲ್ಲ ನಾಗೇಂದ್ರ, ಇಲ್ಲಿ ಅರವತ್ತಕ್ಕೆ..." ಎಂದು ಸಮಾಧಾನ ಮಾಡಲು ಹೋಗಿ, ಇದರಿಂದ ಸಮಾಧಾನವಾಗುವುದಿಲ್ಲ ಎಂದು ಹೊಳೆದು ನಿಲ್ಲಿಸಿದೆ.

"ರೀವ್ಯಾಲ್ಯುಯೇಷನ್ ಅಂತ ಏನೂ ಇಲ್ವಾ? ಇನ್ನೊಬ್ರ ಕೈಲಿ ನೋಡಿಸೋದು?"

ಹಿಂದಿನಿಂದ ರೂಪಳ ದನಿ ಕೇಳಿಸಿತು. "ಫೋನ್ ಕೊಡ್ರಿ ಇಲ್ಲಿ. ಭಾವ, ವಿಮರ್ಶಕರು ಹಾಳಾಗಿ ಹೋಗ್ಲಿ. ಅದೇ ಸೈಟಲ್ಲಿ ನೋಡಿದೋರು ಬರೆಯೋಕೂ ಜಾಗ ಇದೆ. ಅದಕ್ಕೆ ಬೇರೆ ಮಾರ್ಕ್ಸು. ನಮ್ಮ ಜನ ಇಷ್ಟು ಜನ ಇದೀವಿ, ಯಾವತ್ತಿಗೆ ಇರೋದು?"

ಅಂದು ಸಂಜೆಯೇ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ರೂಪಳ ಕರೆ ಹೋಯಿತು. ನಮ್ಮ ಜನರ ಬಗ್ಗೆ ಒಂದು ಮಾತು ಹೇಳಬೇಕು. ಇಲ್ಲಿ ಯಾರ ಮಗು ವೇದಿಕೆ ಹತ್ತಿದರೂ, ಹತ್ತಿ ಮಾತು ಮರೆತು ಅಳುತ್ತ ಇಳಿದು ಬಂದರೂ, ನಾವು ಸಾಲಾಗಿ ಹೋಗಿ "ತುಂಬಾ ಚೆನ್ನಾಗಿತ್ತು" ಎಂದು ಹೇಳಿಯೇ ಊಟದ ತಟ್ಟೆ ಹಿಡಿಯುವುದು. ಮುಂದಿನ ಸಲ ನಮ್ಮ ಮಗುವಿಗೂ ಅವರು ಹೇಳಬೇಕಲ್ಲ. ಹೀಗೆ ವರ್ಷಗಳಿಂದ ಪರಸ್ಪರ ಹೊಗಳಿ ಪಳಗಿದ ಜನ ಅಂದು ಟೀವಿ ವಿಮರ್ಶೆಗೆ ಇಳಿದರು. ಆದರೆ ಅವರಿಗೆ ಬರೆದು ರೂಢಿಯಿದ್ದದ್ದು ರಾಜ್ಯೋತ್ಸವದ ವಂದನಾರ್ಪಣೆ ಮಾತ್ರ. ಇಂಗ್ಲಿಷಿನಲ್ಲಿ ಬರೆದರೂ ಅದೇ ಬಂತು. ಕಾರ್ಯಕ್ರಮ ಸಮಯಕ್ಕೆ ಸರಿಯಾಗಿ ಆರಂಭವಾಯಿತು ಎಂದು ಒಬ್ಬರು; ಬೇಕಾದಾಗ ಬಟನ್ ಒತ್ತಿ ನೋಡುವ ಧಾರಾವಾಹಿಯ ಬಗ್ಗೆ. ವೇಷಭೂಷಣ, ಧ್ವನಿ, ಬೆಳಕು ಅಚ್ಚುಕಟ್ಟಾಗಿತ್ತು, ಕಾರ್ಯಕರ್ತರೆಲ್ಲರ ಶ್ರಮ ಎದ್ದು ಕಾಣುತ್ತಿತ್ತು ಎಂದು ಇನ್ನೊಬ್ಬರು. ಕೊಲೆಗಳನ್ನು ಕುಟುಂಬ ಸಮೇತ ಕುಳಿತು ನೋಡುವಂತೆ ಆಯೋಜಿಸಿದ್ದಕ್ಕೆ ಮತ್ತೊಬ್ಬರು ಸಂಘಟಕರನ್ನು ಅಭಿನಂದಿಸಿದ್ದರು.

ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇರುವ ಧಾರವಾಡದ ಅಜೀಜ್ ಸಾಹೇಬರು ಮಗನ ಮನೆಗೆ ಬಂದು ನೆಲೆಸಿದ ಹಿರಿಯರು. ಮರುದಿನ ವಾಕಿಂಗಿನಲ್ಲಿ ಸಿಕ್ಕರು. "ನೋಡ್ರಿ, ಕೊಲಿ ಮಾಡಿದಾಂವ ಯಾರಂತ ನನಗ ಚಾ ಮುಗಿಯೂದ್ರಾಗ ಗೊತ್ತಾತು. ಆ ಡಿಟೆಕ್ಟಿವ್ ಬಾಯಿಗೆ ಕಡೀತನಕ ಗೊತ್ತಾಗ್ಲಿಲ್ಲ. ಆದ್ರ ಹುಡುಗಿ ನಮ್ಮಾಕಿ. ಐದು ಚುಕ್ಕಿ ಹಾಕೇನಿ. ನೀವು ಹಾಕೀರಿಲ್ಲೋ?"

ನಾನು ಹಾಕಿರಲಿಲ್ಲ. ಹಾಕಲು ಕುಳಿತಿದ್ದೆ, ಆಗಿರಲಿಲ್ಲ. ಕಾರಣ, ಎರಡನೆಯ ಕಂತು ನೋಡಿದಾಗಿನಿಂದ ಒಂದು ವಿಷಯ ನನ್ನನ್ನು ತಿನ್ನುತ್ತಿತ್ತು. ಆ ಕಂತಿನಲ್ಲಿ ಡಿಟೆಕ್ಟಿವ್ ತನ್ನ ಮಗಳನ್ನು ಬೆಳಿಗ್ಗೆ ಡೇಕೇರಿಗೆ ಬಿಡುತ್ತಾಳೆ. ಅಷ್ಟರಲ್ಲಿ ಫೋನು ಬರುತ್ತದೆ, ಹೆಣ ಸಿಕ್ಕಿದೆ. ಓಡುತ್ತಾಳೆ. ಆಮೇಲೆ ಕಾರಿನಲ್ಲೇ ಮಲಗುತ್ತಾಳೆ, ಗೋದಾಮಿಗೆ ನುಗ್ಗುತ್ತಾಳೆ, ಗುಂಡೇಟು ತಿನ್ನುತ್ತಾಳೆ, ಸೀಸನ್ನೇ ಮುಗಿಯುತ್ತದೆ. ಮಗುವನ್ನು ಯಾರೂ ಡೇಕೇರಿನಿಂದ ಕರೆದುಕೊಂಡು ಬರುವುದಿಲ್ಲ. ಮಗು ಮತ್ತೆ ತೆರೆಯ ಮೇಲೆ ಬರುವುದೇ ಇಲ್ಲ. ಇಲ್ಲಿನ ಡೇಕೇರಿನಲ್ಲಿ ಪಿಕಪ್ಪಿಗೆ ತಡವಾದರೆ ಏನಾಗುತ್ತದೆ ಎಂಬುದು ಮಕ್ಕಳನ್ನು ಬೆಳೆಸಿದವರಿಗೆಲ್ಲ ಗೊತ್ತು. ಆ ಬಾಗಿಲಲ್ಲಿ ಟೀಚರು ಮಗುವಿನ ಜಾಕೆಟ್ಟು, ಬ್ಯಾಗು ಹಿಡಿದು ನಿಂತಿರುವ ರೀತಿ, ನಮ್ಮನ್ನು ನೋಡಿ ನಗುವ ಆ ನಗು, ನನ್ನ ಮಗ ಕಾಲೇಜಿಗೆ ಹೋದ ಮೇಲೂ ನನ್ನ ಕನಸಿನಲ್ಲಿ ಬರುತ್ತದೆ.

ನಾನು ಬರೆದೆ. ಡಿಟೆಕ್ಟಿವ್ ಒಳ್ಳೆಯವಳು, ಆದರೆ ಒಂದು ಕಂತಿನಲ್ಲೂ ನೆಮ್ಮದಿಯಾಗಿ ಊಟ ಮಾಡಿದ್ದನ್ನು ತೋರಿಸಿಲ್ಲ. ಸಮುದ್ರದ ಪಕ್ಕ ರಾತ್ರಿ ಹೋಗುವಾಗ ಸ್ವೆಟರ್ ಹಾಕಿಕೊಳ್ಳಬೇಕು. ಕಾರು ಲಾಕು ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಗುವನ್ನು ಯಾರು ಕರೆದುಕೊಂಡು ಬಂದರು ಎಂಬುದನ್ನು ದಯವಿಟ್ಟು ತಿಳಿಸಬೇಕು. ಐದು ಚುಕ್ಕಿ ಒತ್ತಲು ಹೋದರೆ ಬೆರಳು ಮೂರರ ಮೇಲೆ ನಿಂತಿತು. ಮಗುವನ್ನು ಹಾಗೆ ಬಿಟ್ಟು ಐದು ಒತ್ತುವುದು ನನ್ನಿಂದಾಗಲಿಲ್ಲ. ಕಳಿಸಿದೆ. ಕಳಿಸಿದ್ದೇ ತಡ, ಆ ಪುಟವನ್ನು ಮತ್ತೆ ಮತ್ತೆ ತೆರೆದು ನೋಡತೊಡಗಿದೆ. ಆದರೂ, ಅಷ್ಟೊಂದು ಐದುಗಳ ನಡುವೆ ನನ್ನದೊಂದು ಮೂರು ಯಾರ ಕಣ್ಣಿಗೆ ಬಿದ್ದೀತು ಎಂದು ಧೈರ್ಯ ತಂದುಕೊಂಡೆ.

ಎರಡು ದಿನ ಕಳೆದಿರಬೇಕು, ರೂಪಳ ಫೋನು ಬಂತು. ದನಿ ತಣ್ಣಗಿತ್ತು. ಆ ತಣ್ಣಗಿನ ದನಿ ನನಗೆ ಸುಜಾತಳಿಂದ ಪರಿಚಿತ, ಅವರ ಮನೆತನದ್ದು.

"ಭಾವ, ಸೈಟಿನವ್ರು ನಮ್ಮೋರು ಬರ್ದಿದ್ದೆಲ್ಲಾ ತೆಗೆದು ಹಾಕಿದ್ದಾರೆ. ಸಂಶಯಾಸ್ಪದ ಅಂತೆ."

"ಅಯ್ಯೋ, ಎಲ್ಲಾನೂ?"

"ಎಲ್ಲಾನೂ ಅಲ್ಲ. ಒಂದು ಬಿಟ್ಟಿದ್ದಾರೆ. ಅದೊಂದು ನಿಜವಾದ ಪ್ರೇಕ್ಷಕರದು ಅನ್ಸಿರಬೇಕು. ಮೂರು ಚುಕ್ಕಿದು."

ಒಂದೇ ಸಂಜೆ, ಒಂದೇ ಕಡೆಯಿಂದ, ಎಲ್ಲವೂ ಐದು, ಎಲ್ಲದರಲ್ಲೂ ಸಂಘಟಕರಿಗೆ ವಂದನೆ. ನಾನು ಆ ಸೈಟಿನ ಟೆಸ್ಟರ್ ಆಗಿದ್ದರೂ ಅದನ್ನೇ ಮಾಡುತ್ತಿದ್ದೆ. ಈ ಮಾತನ್ನು ರೂಪಳಿಗೆ ಹೇಳುವಷ್ಟು ಮಾತ್ರ ಮೂರ್ಖ ನಾನಲ್ಲ.

"ಶನಿವಾರ ನಿಧಿ ಬರ್ತಿದ್ದಾಳೆ" ಎಂದಳು ರೂಪ. "ಮುಂದಿನ ವಾರ ಎರಡನೇ ಸೀಸನ್ ಇದ್ಯೋ ಇಲ್ವೋ ಅಂತ ತೀರ್ಮಾನ ಆಗುತ್ತಂತೆ. ಮಗು ಫೋನಲ್ಲಿ ಸರಿಯಾಗಿ ಮಾತೇ ಆಡ್ತಿಲ್ಲ. ಊಟಕ್ಕೆ ನೀವೂ ಅಕ್ಕನೂ ಬನ್ನಿ. ಆದ್ರೆ ಧಾರಾವಾಹಿ ವಿಷ್ಯ ಯಾರೂ ಎತ್ತಬಾರ್ದು. ನೀವಂತೂ ಬಾಯೇ ಬಿಡಬೇಡಿ ಭಾವ." ಆಮೇಲೆ ಬೇರೆ ದನಿಯಲ್ಲಿ ಹೇಳಿದಳು: "ಅವಳು ಲ್ಯಾಬಿಗೆ ವಾಪಸ್ ಬಂದ್ರೆ ನಂಗೆ ಖುಷಿ ಆಗುತ್ತೆ ಅಂತ ಎಲ್ಲಾ ಅನ್ಕೊಂಡಿದ್ದಾರೆ. ಇಲ್ಲ ಭಾವ. ಸೋತು ಬರೋದು ಬೇಡ."

ಶನಿವಾರದವರೆಗೆ ನಾನು ಹೇಗಿದ್ದೆ ಎಂದು ಸುಜಾತಳನ್ನೇ ಕೇಳಬೇಕು. ವಿಮರ್ಶೆಯನ್ನು ಅಳಿಸಲು ನೋಡಿದೆ. ಅಳಿಸಿದರೆ ನಮ್ಮವರ ಕಡೆಯಿಂದ ಒಂದು ಚುಕ್ಕಿಯೂ ಉಳಿಯುತ್ತಿರಲಿಲ್ಲ. ತಿದ್ದಿ ಐದು ಮಾಡಿದರೆ ಸಂಶಯಾಸ್ಪದನಾಗುತ್ತಿದ್ದೆ. ಕೊನೆಗೆ ಜ್ವರ ಬರಬಹುದೇ ಎಂದು ಕಾದೆ. ಬರಲಿಲ್ಲ.

ಆ ಊಟದಲ್ಲಿ ಬಿಸಿಬೇಳೆ ಭಾತಿತ್ತು, ಬೂಂದಿಯಿತ್ತು, ಮಾತು ಮಾತ್ರ ಇರಲಿಲ್ಲ. ನಿಧಿ ಸೊರಗಿದ್ದಳು. ಧಾರಾವಾಹಿಯ ವಿಷಯ ಎತ್ತಬಾರದು ಎಂದಾಗಲೇ ನಮ್ಮ ದಿನನಿತ್ಯದ ಮಾತಿನಲ್ಲಿ ಎಷ್ಟು ಅಪರಾಧವಿದೆ ಎಂದು ತಿಳಿದದ್ದು. ನಾಗೇಂದ್ರ "ಇವತ್ತು ಬ್ರಿಡ್ಜ್ ಮೇಲೆ ಟ್ರಾಫಿಕ್ಕು ಕೊಂದು ಹಾಕಿ..." ಎಂದು ನಿಲ್ಲಿಸಿ ನೀರು ಕುಡಿದ. ರೂಪ ನನ್ನ ಕಡೆ ತಿರುಗಿ "ಭಾವ, ಅದು ಕೊಡಿ, ಹಣ್ಣು ಹೆಚ್ಚೋದು" ಎಂದಳು, ಚಾಕು ಎನ್ನಲಿಲ್ಲ. ನಾನು ತಟ್ಟೆಯಿಂದ ಕಣ್ಣೆತ್ತದೆ ಗೋಡಂಬಿಗಳನ್ನು ಒಂದು ಕಡೆಗೆ ಸರಿಸುತ್ತಿದ್ದೆ.

"ದೊಡ್ಡಪ್ಪ" ಎಂದಳು ನಿಧಿ. "ದಟ್ ತ್ರೀ ಸ್ಟಾರ್ ರಿವ್ಯೂ. ದಟ್ ವಾಸ್ ಯೂ, ರೈಟ್?"

ರೂಪ ಹಣ್ಣು ಹೆಚ್ಚುವುದನ್ನು ನಿಲ್ಲಿಸಿದಳು. ನಾನು ಹೆಸರು ಹಾಕದೆ ಬರೆದಿದ್ದೆ. "ನಿಂಗೆ ಯಾರಮ್ಮ ಹೇಳಿದ್ದು?" ಎಂದೆ. ಅದು ಒಪ್ಪಿಗೆಯೇ ಆಯಿತು.

"ಹೂ ಎಲ್ಸ್ ಟೆಲ್ಸ್ ಅ ಹೋಮಿಸೈಡ್ ಡಿಟೆಕ್ಟಿವ್ ಸ್ವೆಟರ್ ಹಾಕ್ಕೋ ಅಂತ?" ಅವಳು ನಗಲಿಲ್ಲ. "ಸೆಕೆಂಡ್ ಎಪಿಸೋಡ್ ನಂದು ದೊಡ್ಡಪ್ಪ. ಐ ರೋಟ್ ಇಟ್. ಐ ಫರ್ಗಾಟ್ ಹರ್."

"ಯಾರನ್ನ?" ಎಂದಳು ಸುಜಾತ.

"ಮಗೂನ. ರೂಮ್ ತುಂಬಾ ರೈಟರ್ಸು. ನಂಗೂ ಗೊತ್ತಾಗ್ಲಿಲ್ಲ, ಯಾರ್ಗೂ ಗೊತ್ತಾಗ್ಲಿಲ್ಲ. ಆ ಕ್ರಿಟಿಕ್ಸ್ ಎಲ್ಲಾ ಕೋಲ್ಡ್, ಕೋಲ್ಡ್ ಅಂದ್ರು. ವೈ ಕೋಲ್ಡ್ ಅಂತ ಒಬ್ರೂ ಹೇಳ್ಲಿಲ್ಲ. ಅವ್ಳು ಮಗು ಬಿಟ್ಟು ಹೋಗಿ ಅದ್ರ ಬಗ್ಗೆ ಥಿಂಕೇ ಮಾಡಲ್ಲ. ಅದಕ್ಕೇ ಕೋಲ್ಡ್." ಅವಳ ಕಣ್ಣು ತುಂಬಿತ್ತು. ಬಿಸಿಬೇಳೆ ಭಾತಿನ ಖಾರವಿರಬಹುದು ಎಂದು ನಾವೆಲ್ಲ ನಟಿಸಿದೆವು. "ನಾನು ಸೋಮವಾರ ರೂಮಲ್ಲಿ ಇದನ್ನ ಹೇಳ್ತೀನಿ. ಇಫ್ ದೇ ಲಾಫ್, ದೇ ಲಾಫ್."

ರೂಪ ಮಗಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ನನ್ನ ತಟ್ಟೆಗೂ ಬಡಿಸಿದಳು, ಮುಖ ನೋಡದೆ. ನಾದಿನಿಯರ ಕ್ಷಮೆ ಆ ರೂಪದಲ್ಲಿ ಬರುತ್ತದೆ.

ಎರಡನೆಯ ಸೀಸನ್ನು ಸಿಕ್ಕಿತು. ನನ್ನ ವಿಮರ್ಶೆಯಿಂದಲ್ಲ, ಮೂಲ ಧಾರಾವಾಹಿಯ ಅಭಿಮಾನಿಗಳು ಬೈಯುತ್ತಲೇ ಇದನ್ನೂ ನೋಡಿದ್ದರಂತೆ, ಚಾನೆಲ್ಲಿಗೆ ಬೇಕಾದದ್ದು ನೋಡುವವರು. ಆದರೆ ಬರಹಗಾರರಲ್ಲಿ ಅರ್ಧ ಜನರನ್ನು ಕೈಬಿಟ್ಟು, ನಿಧಿಯನ್ನು ಉಳಿಸಿಕೊಂಡರು. ಹೊಸ ಸೀಸನ್ನಿನ ಮೊದಲ ಕಂತನ್ನೇ ಅವಳಿಗೆ ಕೊಟ್ಟರು. ನಾಗೇಂದ್ರ "ಪಾಸಾಯಿತು" ಎಂದು ಗುಂಪಿನಲ್ಲಿ ಸಿಹಿಯ ಚಿತ್ರ ಹಾಕಿದ. ನನಗೂ ಒಂದು ಸಂಜೆ ನಿಧಿಯ ಫೋನು ಬಂತು.

"ದೊಡ್ಡಪ್ಪ, ಓಪನಿಂಗ್ ಸೀನ್ ನಿಮ್ಮದೇ. ಡಿಟೆಕ್ಟಿವ್ ಡೇಕೇರ್‌ಗೆ ಓಡಿ ಬರ್ತಾಳೆ. ಟೀಚರ್ ಹೇಳ್ತಾರೆ, ಮಗೂನ ಆಗ್ಲೇ ಯಾರೋ ಕರ್ಕೊಂಡು ಹೋದ್ರಲ್ಲ ಅಂತ."

"ಯಾರು?"

"ದಟ್ಸ್ ದ ಸೀಸನ್. ಅದನ್ನ ಹುಡುಕೋದೇ ಪೂರ್ತಿ ಕಥೆ."

ನಾನು ಕೇಳಿದ್ದು ಮಗುವನ್ನು ಮನೆಗೆ ತಲುಪಿಸಿ ಎಂದು. ಇವರು ನನ್ನ ಮಾತು ಕೇಳಿ ಅದನ್ನು ಅಪಹರಿಸಿದ್ದಾರೆ. ಒಬ್ಬ ಮನುಷ್ಯ ತನ್ನ ಚಿಂತೆಯಿಂದ ಒಂದು ಕೂಸನ್ನು ಎಂಥ ಆಪತ್ತಿಗೆ ತಳ್ಳಬಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಒಂದು ವರ್ಷ ಕಾಯಬೇಕು, ಕೇಳಿದರೂ ಹೇಳುವಂತಿಲ್ಲ, ಅವಳ ಕಾಂಟ್ರಾಕ್ಟಿನಲ್ಲಿ ಹಾಗಿದೆಯಂತೆ. "ಕಥೆ ಹೇಳ್ಬೇಡಮ್ಮ" ಎಂದೆ, "ಮಗು ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ಯಾ, ಅಷ್ಟು ಹೇಳು."

ನಿಧಿ ದನಿ ತಗ್ಗಿಸಿ, ಯಾರಿಗೂ ಹೇಳಬೇಡಿ ಎಂದು ಮಾತು ತೆಗೆದುಕೊಂಡು, ಹೇಳಿದಳು. "ಊಟ ಮಾಡ್ತಾಳೆ, ಚೆನ್ನಾಗಿದ್ದಾಳೆ. ಮಗು ಈಸ್ ಫೈನ್, ಪ್ರಾಮಿಸ್. ಆರಾಮಾಗಿ ಮಲ್ಕೊಳಿ ದೊಡ್ಡಪ್ಪ."

ಎಷ್ಟೋ ವಾರಗಳ ಮೇಲೆ ಎದೆ ಹಗುರಾಯಿತು. ಫೋನು ಇಟ್ಟು, ಸುಜಾತಳಿಗೆ ಮಗು ಕ್ಷೇಮ ಎಂದಷ್ಟೇ ಹೇಳಿ, ಬಟ್ಟೆ ಮಡಿಸಲು ಕುಳಿತೆ. ಎರಡನೆಯ ಟವೆಲ್ಲಿಗೆ ಬರುವಷ್ಟರಲ್ಲಿ ಹೊಳೆಯಿತು: ಮಗು ಕ್ಷೇಮ ಎಂದು ಹುಡುಗಿ ಅಷ್ಟು ಸಲೀಸಾಗಿ ಮಾತು ಕೊಟ್ಟಳು, ತಾಯಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಾಗಿದ್ದರೆ ಆ ಡಿಟೆಕ್ಟಿವ್ ಗತಿ ಏನು?