ನನ್ನ ನಂಬರು ಬೀದಿಗೆಲ್ಲ ಗೊತ್ತಿತ್ತು

ಗುಟ್ಟು ಎನ್ನುವುದು ನನಗೆ ಒಗ್ಗಿ ಬಂದದ್ದಲ್ಲ. ಮನೆಯ ಬೀಗದ ಕೈಯನ್ನು ಬಾಗಿಲ ಪಕ್ಕದ ಗೂಡಿನಲ್ಲಿಟ್ಟು, ಅದು ಅಲ್ಲಿದೆ ಎಂದು ಬೀದಿಗೆಲ್ಲ ಹೇಳಿ ಹೋಗುವವಳು ನಾನು. ನಮ್ಮೂರು ರಾಯಲ್ಪಾಡಿನ ಕಡೆ ಬೀಗ ಹಾಕುವುದು ಕೋತಿಗಳಿಗೆ, ನೆರೆಯವರಿಗಲ್ಲ. ಹೀಗಿರುವಾಗ ನಮ್ಮ ಮಾವು ಬೆಳೆಗಾರರ ಸಂಘಕ್ಕೆ ಬ್ಲಾಕ್‌ಚೈನ್ ಎಂಬ ಪುಸ್ತಕ ಬಂತು. ಕಾಗದದ್ದಲ್ಲ, ಫೋನಿನದು. ಯಾವ ತೋಟಕ್ಕೆ ಯಾವತ್ತು ಔಷಧಿ ಹೊಡೆದರು ಎಂದು ಅದರಲ್ಲಿ ಬರೆಯಬೇಕು. ಸಂಘ ಒಳಗೆ ಬಿಟ್ಟವರು ಮಾತ್ರ ಬರೆಯಬಹುದು. ಹಣ್ಣು ಕೊಳ್ಳುವವರು ಓದಬಹುದು, ಬರೆಯುವಂತಿಲ್ಲ. ಒಬ್ಬೊಬ್ಬರಿಗೂ ಒಂದು ಗುಟ್ಟಿನ ನಂಬರು. ಬರೆದದ್ದು ಎಲ್ಲರ ಬಳಿಯೂ ಒಂದೇ ಸಲ ಮೂಡುತ್ತದೆ, ಅದನ್ನು ಅಧ್ಯಕ್ಷರೂ ಅಳಿಸಲಾರರು. ಅಧ್ಯಕ್ಷರ ಕೈಲಾಗದ್ದೂ ಒಂದುಂಟೆಂದು ಕೇಳಿ ನಾನು ಮನಸ್ಸಿನಲ್ಲೇ ಕೈಮುಗಿದೆ. ಮರೆತರೆ ಗತಿಯೇನೆಂದು ನಂಬರನ್ನು ಪಕ್ಕದ ಮನೆಯ ಮುನೆಮ್ಮನಿಗೂ, ಎದುರು ಮನೆಯವರಿಗೂ ಹೇಳಿಟ್ಟೆ.

ಮುನೆಮ್ಮನ ಫೋನು ಕೆಟ್ಟಿತು. ತನ್ನ ಮರಗಳಿಗೆ ಔಷಧಿ ಹೊಡೆಸಿದ್ದನ್ನು ಅವಳು ನನ್ನ ಫೋನಿನಲ್ಲಿ, ನನ್ನ ನಂಬರು ಒತ್ತಿ ಬರೆದಳು. ಪುಸ್ತಕದ ಪಾಲಿಗೆ ಬರೆದವಳು ನಾನು, ಹೊಡೆಸಿದ್ದು ನನ್ನ ತೋಟಕ್ಕೆ. ಮಾರನೆಯ ದಿನ ನನ್ನ ಬಾದಾಮಿ ಮಾವಿನ ಕ್ರೇಟುಗಳನ್ನು ಸಂಘದಲ್ಲಿ ಪಕ್ಕಕ್ಕಿಟ್ಟರು. ಔಷಧಿ ಹೊಡೆದು ಹದಿನೈದು ದಿನ ಹಣ್ಣು ಕೀಳಬಾರದಂತೆ. ಕಿತ್ತ ಹಣ್ಣು ಹದಿನೈದು ದಿನ ಕಾಯುತ್ತದೆಯೇ?

"ಬರೆದಿದ್ದು ಅವಳು ಕಣೇ, ನಾನಲ್ಲ," ಎಂದೆ, ಸಂಘದ ಕಾರ್ಯದರ್ಶಿ ಸರಳಾಗೆ.

"ಅದಕ್ಕೆ ಮುಖ ಕಾಣ್ಸಲ್ಲ ಅಜ್ಜಿ. ನಂಬರು ಯಾರದ್ದೋ ಅವರೇ ಬರೆದಂಗೆ."

"ಹಂಗಾದ್ರೆ ಅಳಿಸಾಕು."

"ಅಳಿಸಕ್ಕಾಗಲ್ಲ. ಕೆಳಗೆ ಇನ್ನೊಂದು ಸಾಲು ಬರೀಬೋದು. ಯಾಕೆ ತಪ್ಪಾಯ್ತು ಅಂತ ನೀವು ಹೇಳ್ಬೇಕು, ಮುನೆಮ್ಮ ಒಪ್ಕೋಬೇಕು. ಆಮೇಲೆ ಈ ನಂಬರು ರದ್ದು ಮಾಡಿ ಹೊಸದು ಕೊಡ್ತೀನಿ."

"ಫೋನಿಗೇ ಏನೋ ಆಗಿತ್ತು ಅಂತ ಬರಿ."

"ಸುಳ್ಳು ಬರೆದ್ರೆ ಅದನ್ನೂ ಅಳಿಸಕ್ಕಾಗಲ್ಲ ಅಜ್ಜಿ."

ನನ್ನ ಜೊತೆ ಬಂದಿದ್ದ ಮುನೆಮ್ಮ ಸುಮ್ಮನಿರಬಾರದೇ? "ಏಮಕ್ಕಾ, ನಾನೇನು ಕದ್ನಾ? ಕೂಗಿ ಕರೆದು ಹೇಳ್ದವಳು ನೀನೇ ತಾನೆ," ಎಂದಳು.

ಆಡಿದ ಮಾತನ್ನು ಬೇಕಾದಾಗ ಆಡಿಯೇ ಇಲ್ಲವೆಂದು ಸಾಧಿಸಿ ಬದುಕಿದವಳು ನಾನು. ಕೇಳಿಸಿಕೊಂಡವರನ್ನೇ ಗಂಟಲಿನ ಜೋರಿನಿಂದ ಸುಳ್ಳರನ್ನಾಗಿ ಮಾಡಿ ಕಳಿಸಿದ್ದೇನೆ. ಬಾಯಿಯೇ ಇಲ್ಲದ ಈ ಪುಸ್ತಕದ ಮುಂದೆ ನನ್ನ ಬಾಯಿ ನಡೆಯಲಿಲ್ಲ. ಹಣ್ಣು ಕೊಳೆಯುವ ಮೊದಲು ಬರೆಸಿದೆ: "ನಂಬರನ್ನು ನಾನೇ ಹೇಳಿದ್ದೆ. ತಪ್ಪು ನನ್ನದು."

ಮುನೆಮ್ಮನೂ ಒಪ್ಪಿಕೊಂಡಳು, ಕ್ರೇಟುಗಳು ಅಂದೇ ಲಾರಿ ಹತ್ತಿದವು. ಆದರೆ ನಲವತ್ತೆಂಟು ವರ್ಷದ ಸಂಸಾರದಲ್ಲಿ ನನ್ನ ಬಾಯಿಂದ ಹೊರಡದ ಆ ಎರಡು ಪದ ಈಗ ಎಲ್ಲ ಸದಸ್ಯರ ಫೋನಿನಲ್ಲೂ ಕೂತಿದೆ, ನಾನು ಸತ್ತ ಮೇಲೂ ಕೂತಿರುತ್ತದೆ. ನಮ್ಮ ಯಜಮಾನರೂ ಸದಸ್ಯರೇ. ಅವರಿಗೆ ಏನು ಓದಲೂ ಕನ್ನಡಕ ಬೇಕು. ಆ ಸಾಲಿಗೆ ಮಾತ್ರ ಬೇಡವಂತೆ.