ಪತ್ತೇದಾರನಿಗೆ ಲಗ್ನಯೋಗ

ಹಿರಣ್ಮಯ ಸರಕೇಲ್ ತನ್ನ ಕಾದಂಬರಿಯ ಕೊನೆಯ ಅಧ್ಯಾಯವನ್ನು ನಿಮಾಯಿಯ ಟೈಪಿಂಗ್ ಅಂಗಡಿಗೆ ಕೊಟ್ಟದ್ದೇ ತಪ್ಪಾಯಿತು. ನಿಮಾಯಿಗೆ ಬಾಯಿಬಿಟ್ಟು ಓದದೆ ಟೈಪು ಮಾಡಲು ಬರುವುದಿಲ್ಲ. ಅವನ ಅಂಗಡಿಗೂ ಪಕ್ಕದ ಚಹಾದಂಗಡಿಗೂ ನಡುವೆ ಇರುವುದು ಒಂದು ತಗಡಿನ ಗೋಡೆ ಮಾತ್ರ. ಹೀಗಾಗಿ ಆಷಾಢದ ಆ ಬೆಳಿಗ್ಗೆ, ಹಾತಿಬಾಗಾನ್‌ನ ಆ ಓಣಿಯಲ್ಲಿ ಚಹಾದ ಬೆಂಚಿನ ಮೇಲೆ ಕೂತವರಿಗೆಲ್ಲ, ಎರಡನೆಯ ಕುಡಿಕೆ ಕೈಗೆ ಬರುವಷ್ಟರಲ್ಲಿ, ಪತ್ತೇದಾರ ರಣಜಯ ಲಾಹಿರಿ ಮದುವೆಯಾಗುತ್ತಿದ್ದಾನೆ ಎಂಬ ಸುದ್ದಿ ಮುಟ್ಟಿತ್ತು.

ರಣಜಯ ಲಾಹಿರಿಯನ್ನು ಹುಟ್ಟಿಸಿದವನು ಹಿರಣ್ಮಯನೇ ಆದರೂ ಸಾಕಿದವರು ತಾವು ಎಂದು ಓಣಿಯವರ ನಂಬಿಕೆ. ಪ್ರತಿ ವರ್ಷ ದುರ್ಗಾಪೂಜೆಯ ವಿಶೇಷಾಂಕದಲ್ಲಿ ಅವನದೊಂದು ಕಾದಂಬರಿ ಬರಲೇಬೇಕು. ಅದಕ್ಕಾಗಿ ಹಿರಣ್ಮಯ ಚೈತ್ರದಲ್ಲಿ ಹೆಣವನ್ನು ಗೊತ್ತುಮಾಡಿಕೊಳ್ಳುತ್ತಾನೆ, ವೈಶಾಖದಲ್ಲಿ ಕೊಲೆಗಾರನನ್ನು. ಜ್ಯೇಷ್ಠವಿಡೀ ಆ ಕೊಲೆಗಾರ ಯಾಕಾದರೂ ಕೊಂದ ಎಂದು ತಿಳಿಯದೆ ಬೆವರುತ್ತಾನೆ. ಮಳೆ ಹಿಡಿದ ಮೇಲೆ ಬಾಗಿಲು ಹಾಕಿಕೊಂಡು ಬರೆಯುತ್ತಾನೆ. ಆ ವರ್ಷ ತನ್ನನ್ನು ಯಾರು ಹೆಚ್ಚು ಗೋಳುಹೊಯ್ದುಕೊಂಡರೋ ಅವರ ಹೆಸರನ್ನು ಹೆಣಕ್ಕಿಡುವುದು ಅವನ ಪದ್ಧತಿ. ಓಣಿಯಲ್ಲಿ ಅದೊಂದು ಮರ್ಯಾದೆಯ ವಿಷಯ. ನಿವೃತ್ತ ಹೆಡ್‌ಕ್ಲಾರ್ಕ್ ಗೋಪೇನ್ ಬಾಬು ಹೀಗೆ ಹಲವು ಸಲ ಸತ್ತಿದ್ದಾರೆ, ಆ ಸಂಚಿಕೆಗಳನ್ನೆಲ್ಲ ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟಿದ್ದಾರೆ.

ಈ ವರ್ಷ ಮಾತ್ರ ಹಿರಣ್ಮಯನ ಮನಸ್ಸು ಹೆಣದ ಮೇಲಿರಲಿಲ್ಲ. ಓಣಿಯ ತುದಿಯ ಲೈಬ್ರರಿಯ ಬನಾನಿ ಪಾಲಿತ್ ಮೇಲಿತ್ತು.

ಲಾಹಿರಿಯ ಪ್ರತಿ ಕತೆಯನ್ನೂ ಅಚ್ಚಿಗೆ ಹೋಗುವ ಮುನ್ನ ಓದುವವಳು ಬನಾನಿ. ಗುಂಡೇಟು ಬಿದ್ದದ್ದು ಲಾಹಿರಿಯ ಎಡಗೈಗೆ, ಬಲಗೈಗಲ್ಲ ಎಂದು ನೆನಪಿಸುವವಳೂ ಅವಳೇ. ಓದುತ್ತ ಓದುತ್ತ ಕನ್ನಡಕ ಮೂಗಿನ ತುದಿಗೆ ಜಾರುತ್ತದೆ, ಅದನ್ನು ಪೆನ್ಸಿಲಿನ ಹಿಂಬದಿಯಿಂದ ಮೇಲೇರಿಸುತ್ತಾಳೆ. ಈ ಒಂದು ದೃಶ್ಯಕ್ಕಾಗಿಯೇ ಹಿರಣ್ಮಯ ಎಷ್ಟೋ ಕೊಲೆ ಮಾಡಿಸಿದ್ದಾನೆ. ಎಂಥ ಹಂತಕನ ಬಾಯಿಂದಲೂ ನಾಲ್ಕು ಪುಟದಲ್ಲಿ ತಪ್ಪೊಪ್ಪಿಗೆ ತೆಗೆಸಬಲ್ಲವನಿಗೆ ತನ್ನ ಬಾಯಿಂದ ಒಂದು ವಾಕ್ಯ ತೆಗೆಸಲು ಆಗಿರಲಿಲ್ಲ. ಕೊನೆಗೆ, ಐವತ್ತು ದಾಟಿದ ಮೇಲೆ, ಒಂದು ಉಪಾಯ ಹೊಳೆಯಿತು. ಲಾಹಿರಿ ಮದುವೆಯಾಗಲಿ. ಹುಡುಗಿಯ ಹೆಸರು ಶುಕ್ತಿ. ಅವಳೂ ಲೈಬ್ರರಿಯಲ್ಲಿ ಕೆಲಸ ಮಾಡಲಿ, ಪೆನ್ಸಿಲಿನಿಂದ ಕನ್ನಡಕ ಏರಿಸಲಿ. ಬನಾನಿ ಓದುತ್ತಾಳೆ, ಅರ್ಥಮಾಡಿಕೊಳ್ಳುತ್ತಾಳೆ, ತಲೆ ಎತ್ತಿ ನೋಡುತ್ತಾಳೆ. ಆಮೇಲೆ ಹೆಚ್ಚು ಮಾತು ಬೇಕಾಗುವುದಿಲ್ಲ.

ಟೈಪಾದ ಹಾಳೆ ಒಯ್ಯಲು ಬಂದ ಹಿರಣ್ಮಯನನ್ನು ಬೆಂಚು ಅಡ್ಡಗಟ್ಟಿತು. ಹೆಂಡತಿ ಬಂದ ಮೇಲೆ ಲಾಹಿರಿ ಯಾವ ಕೊಲೆಗಾರನ ಹಿಂದೆ ಓಡುತ್ತಾನೆ, ಮೀನು ಪೇಟೆಗೆ ಓಡುತ್ತಾನೆ ಅಷ್ಟೆ, ಎಂದು ಗೋಪೇನ್ ಬಾಬು ಸ್ವಂತ ಅನುಭವದಿಂದ ಹೇಳಿದರು. ಇನ್ನೊಬ್ಬರು ಮುಂದಿನ ಪೂಜೆಗೆ ಮಗು, ಅದರ ಮುಂದಿನ ಪೂಜೆಗೆ ಅದರ ನೆಗಡಿ, ಪತ್ತೇದಾರಿಕೆಗೆ ಜಾಗವೆಲ್ಲಿ ಎಂದರು. ಮಾತಿನ ನಡುವೆ ಹಿರಣ್ಮಯನ ಮನೆಯ ಅಡುಗೆಯವಳು, ಪಾಂಚುವಿನ ತಾಯಿ, ಸೊಂಟಕ್ಕೆ ಸೆರಗು ಬಿಗಿದುಕೊಂಡು ಬಂದಳು. ಲಾಹಿರಿಯ ಅಡುಗೆಯವಳ ಪಾತ್ರ ತನ್ನದೇ ಎಂದು ಅವಳಿಗೆ ಯಾರೋ ಹೇಳಿಕೊಟ್ಟಿದ್ದರು.

"ದಾದಾಬಾಬು, ಆಯಮ್ಮ ಬಂದ ಮೇಲೆ ಅಡುಗೆಮನೆ ಬೀಗದಕೈ ಯಾರ ಸೆರಗಲ್ಲಿರುತ್ತೆ? ಅದನ್ನ ಮೊದ್ಲು ಬರೀರಿ. ಅಲ್ಲೀವರೆಗೂ ನಾನು ಒಲೆ ಹಚ್ಚಲ್ಲ."

ಅಷ್ಟರಲ್ಲಿ ಸಂಪಾದಕರ ಫೋನು ಬಂತು. ಬೆಂಚಿನವರು ಯಾರೋ ಅವರಿಗೂ ದೂರು ಮುಟ್ಟಿಸಿದ್ದರು. ಮದುವೆಯನ್ನಾದರೂ ಮಾಡಿ, ಸನ್ಯಾಸವನ್ನಾದರೂ ಕೊಡಿ, ಸಂಜೆ ಐದಕ್ಕೆ ಪುಟ ಕಟ್ಟುತ್ತೇವೆ, ಅಧ್ಯಾಯ ಬಂದಿರಬೇಕು ಎಂದು ಹೇಳಿ ಅವರು ಫೋನಿಟ್ಟರು.

ಹಿರಣ್ಮಯನಿಗೆ ಎಂದೂ ಬಾರದ ಸಿಟ್ಟು ಅಂದು ಬಂತು.

"ಇಷ್ಟು ವರ್ಷ ಅವನು ಮಳೇಲಿ ನೆನೆದು ಮನೆಗೆ ಬರ್ತಾನೆ. ಊಟ ಆಯ್ತಾ ಅಂತ ಕೇಳೋರು ಒಬ್ಬರಿಲ್ಲ. ಕೊಲೆಗಾರನ್ನ ಹಿಡಿದು ಬಂದೆ ಅಂತ ಹೇಳ್ಕೊಳೋಕೂ ಒಬ್ಬರಿಲ್ಲ. ಕತ್ತಲೆ ಕೋಣೇಲಿ ಕೂತು ಒಬ್ಬನೇ ಚಹಾ ಕುಡೀತಾನೆ. ನಿಮಗೆ ಅದು ಕತೆ ಗೋಪೇನ್‌ದಾ. ಅವನಿಗೆ ಅದು ಬದುಕು."

ತಾನು ಬಂದು ಹೇಳುವವರೆಗೂ ಕಂಪ್ಯೂಟರಿನಿಂದ ಆಫೀಸಿಗೆ ಕಳಿಸಕೂಡದೆಂದು ನಿಮಾಯಿಗೆ ಕಟ್ಟಪ್ಪಣೆ ಮಾಡಿ, ಹಾಳೆಗಳನ್ನು ಕೊಡೆಯ ಕೆಳಗೆ ಎದೆಗವಚಿಕೊಂಡು ಲೈಬ್ರರಿಯ ಕಡೆ ನಡೆದ. ಬೆಂಚಿನವರ ಕೈಯಲ್ಲಿ ಚಹಾ ಹಾಗೇ ಆರಿತು. ಆ ಬೆಂಚಿಗೆ ಅದು ಅಪರೂಪ.

ಲೈಬ್ರರಿಯಲ್ಲಿ ಬನಾನಿ ಒಬ್ಬಳೇ ಇದ್ದಳು. ಹಾಳೆ ತೆಗೆದುಕೊಂಡು ಓದಲು ಶುರುಮಾಡಿದಳು. ಹಿರಣ್ಮಯ ಕಿಟಕಿಯ ಕಡೆ ಮುಖ ಮಾಡಿ ಕೂತು, ಕಿವಿಯಿಂದಲೇ ಹಾಳೆ ಮಗುಚುವುದನ್ನು ನೋಡಿದ. ಬನಾನಿ ಕೊನೆಯ ಹಾಳೆ ಕೆಳಗಿಟ್ಟ ಸದ್ದಿಗೆ ಅವನು ತಿರುಗಿದ. ಅವಳ ಕಣ್ಣು ಒದ್ದೆಯಾಗಿತ್ತು.

"ಅಂತೂ ಆಯ್ತಲ್ಲ," ಎಂದಳು.

ಹಿರಣ್ಮಯ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡ.

"ಹುಡುಗಿ ಮಾತ್ರ ಯಾಕೋ ಸಪ್ಪೆ, ಹಿರಣ್ಮಯ್ ಬಾಬು. ಮಾತಿಗೊಂದ್ಸಲ ಪೆನ್ಸಿಲ್ಲಲ್ಲಿ ಕನ್ನಡಕ ಏರಿಸ್ತಾಳೆ. ಇಂಥೋರು ಎಲ್ಲಾದ್ರೂ ಇರ್ತಾರಾ?" ಎಂದು ಬನಾನಿ ಪೆನ್ಸಿಲಿನಿಂದ ಕನ್ನಡಕ ಏರಿಸಿದಳು. "ಇರ್ಲಿ ಬಿಡಿ. ನಿಮಗೊಂದು ಮಾತು ಹೇಳ್ತೀನಿ, ನಗಬಾರ್ದು."

ಅವಳು ಹೇಳಿದ್ದು ಇಷ್ಟು. ಅವಳಿಗೆ ಬಂದ ಒಂದೊಂದು ಗಂಡನ್ನೂ ಅವಳು ಲಾಹಿರಿಯ ಪಕ್ಕ ನಿಲ್ಲಿಸಿ ನೋಡಿದ್ದಳು. ಒಬ್ಬನೂ ಅವನ ಭುಜಕ್ಕೆ ಬರಲಿಲ್ಲ. ಹುಚ್ಚು ಎಂದು ಗೊತ್ತಿತ್ತು, ಆದರೂ ಪ್ರತಿ ಪೂಜೆಗೆ ಅವನು ಒಂಟಿಯಾಗಿಯೇ ಬರುತ್ತಿದ್ದ, ಅವಳೂ ಒಂಟಿಯಾಗಿಯೇ ಉಳಿಯುತ್ತಿದ್ದಳು. ಈಗ ಚಂದನನಗರದ ಹೋಮಿಯೋಪಥಿ ಡಾಕ್ಟರೊಬ್ಬರು ಕೇಳುತ್ತಿದ್ದಾರೆ. ಹೆಂಡತಿ ತೀರಿಕೊಂಡವರು, ಒಳ್ಳೆಯವರು, ಕಾದಂಬರಿ ಓದುವುದಿಲ್ಲ. ಅಣ್ಣ ಇವತ್ತು ಸಂಜೆ ಅವರಿಗೆ ಉತ್ತರ ಕೊಡಬೇಕು.

"ಲಾಹಿರಿ ಇನ್ನೊಂದು ವರ್ಷ ಹೀಗೇ ಇದ್ದಿದ್ರೆ ನಾನೂ ಬೇಡ ಅಂತಿದ್ದೆ. ಅವನೇ ಮನೆ ಮಾಡ್ಕೊಂಡ ಮೇಲೆ ನಾನ್ಯಾಕೆ ಬಾಗಿಲು ಕಾಯ್ಲಿ?"

ಹಿರಣ್ಮಯ ಇದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿದ. "ಬನಾನಿ ದೇವಿ, ಲಾಹಿರಿನ ಬರೆದೋನು ನಾನು."

"ಗೊತ್ತಲ್ಲ. ಅದಕ್ಕೇ ನಿಮಗೆ ಮೊದ್ಲು ಹೇಳಿದ್ದು. ನಿಮ್ಮನ್ನ ನೋಡಿದಾಗೆಲ್ಲ ನಂಗೆ ಅವನ ಹಿರಿಯಣ್ಣನ್ನ ನೋಡಿದ ಹಾಗಾಗುತ್ತೆ." ಹಾಳೆಗಳನ್ನು ಜೋಡಿಸಿ ಅವನ ಕೈಗಿಟ್ಟಳು. "ಬೆಂಚಿನೋರ ಮಾತು ಕೇಳಿ ಬದಲಾಯಿಸ್ಬೇಡಿ. ನಂಗೋಸ್ಕರ."

ಹೊರಗೆ ಬಂದ ಹಿರಣ್ಮಯ ಕೊಡೆ ಬಿಚ್ಚುವುದನ್ನು ಮರೆತ. ನೋವಾಯಿತು, ತುಂಬ ನೋವಾಯಿತು. ತಾನೇ ಬರೆದು ಬೆಳೆಸಿದವನು ತನ್ನೆದುರೇ ಗೆದ್ದಿದ್ದ. ಹಾಗೇ ನಾಲ್ಕು ಹೆಜ್ಜೆ ನಡೆದವನಿಗೆ, ನೋವಿನ ಸಂದಿಯಿಂದ, ಒಂದು ಯೋಚನೆ ತಲೆ ಹಾಕಿತು. ಇನ್ನೂ ಐದಾಗಿಲ್ಲ. ಮದುವೆ ಮುರಿದುಬಿದ್ದರೆ? ಶುಕ್ತಿಯೇ ಕೊಲೆಗಾರನ ಜೊತೆಗಾರ್ತಿ ಎಂದಾಗಿಬಿಟ್ಟರೆ? ಆಗ ಲಾಹಿರಿ ಮತ್ತೆ ಒಂಟಿ. ಅವಳ ಅಣ್ಣ ಸಂಜೆ ಯಾವ ಉತ್ತರ ಕೊಟ್ಟರೂ, ಪೂಜೆಗೆ ವಿಶೇಷಾಂಕ ಬಂದಾಗ ಬನಾನಿ ಮನಸ್ಸು ಬದಲಾಯಿಸದೆ ಇರುವುದಿಲ್ಲ. ಕೇಳಿದರೆ, ಬೆಂಚಿನವರು ಬಿಡಲಿಲ್ಲ ಎನ್ನಬಹುದು.

ಒಬ್ಬ ಹೆಂಗಸನ್ನು ಕಾಗದದ ಗಂಡಸಿಗಾಗಿ ಇನ್ನೂ ಕಾಯಿಸುವುದೇ ಎಂದು ಅವನಿಗೆ ನಾಚಿಕೆಯಾಯಿತು. ನಿಜವಾಗಿಯೂ ಆಯಿತು. ಆದರೆ ಕಾಲುಗಳು ನಾಚಿಕೆಗಾಗಿ ನಿಲ್ಲಲಿಲ್ಲ, ನೀರು ಹಾರಿಸುತ್ತ ಓಡಿದವು.

ಓಣಿಗೆ ಬಂದರೆ ಬೆಂಚಿನವರೆಲ್ಲ ಎದ್ದು ನಿಂತಿದ್ದಾರೆ. ನಿಮಾಯಿಯ ಮುಖದಲ್ಲಿ ಹಲ್ಲು ಬಿಟ್ಟರೆ ಬೇರೇನೂ ಕಾಣುತ್ತಿಲ್ಲ.

"ನಿಮಾಯಿ, ಕೊನೆಯ ಪುಟ ತೆಗಿ," ಹಿರಣ್ಮಯ ಏದುಸಿರು ಬಿಟ್ಟ. "ಮದುವೆ ಇಲ್ಲ."

"ಹೋಯ್ತು ದಾದಾ. ಆಗ್ಲೇ ಕಳಿಸಾಯ್ತು. ಒಂದಕ್ಷರ ಬದಲಾಯಿಸಿಲ್ಲ. ಪುಟ ಕಟ್ಟಾಯ್ತು ಅಂತ ಆಫೀಸಿಂದ ಫೋನೂ ಬಂತು."

"ನಾನು ಬೇಡ ಅಂದಿದ್ನಲ್ಲೋ."

ಗೋಪೇನ್ ಬಾಬು ಮುಂದೆ ಬಂದು ಅವನ ಒದ್ದೆ ಹೆಗಲ ಮೇಲೆ ಕೈಯಿಟ್ಟರು. "ನಾನೇ ಕಳಿಸು ಅಂದೆ. ಬೆಳಿಗ್ಗೆ ನೀನು ಹೇಳಿದ್ದು ಕೇಳಿ ಯಾರಿಗೂ ಚಹಾ ಇಳೀಲಿಲ್ಲ ಹಿರು. ಆಮೇಲೆ ಇನ್ನೊಂದ್ಸಲ ಓದಿಸಿದ್ವಿ. ಲೈಬ್ರರಿ, ಕನ್ನಡಕ, ಪೆನ್ಸಿಲ್. ನಾವೇನು ಕುರುಡರಾ? ನಿನ್ನ ಧೈರ್ಯ ಎಷ್ಟು ಅಂತ ನಮಗೆ ಗೊತ್ತು. ದಾರೀಲಿ ಮನಸ್ಸು ಕೆಡಿಸ್ಕೊಂಡು ಓಡಿ ಬಂದು ಎಲ್ಲಾ ಹರಿದುಹಾಕು ಅಂತೀಯ ಅಂತ ಹೇಳಿದ್ದೆ ಇವರಿಗೆ. ಹಾಗೇ ಮಾಡ್ದೆ ನೋಡು."

ಅವರ ದನಿಯಲ್ಲಿ ನಿಜವಾದ ಪ್ರೀತಿಯಿತ್ತು. ಅದೇ ಹಿರಣ್ಮಯನಿಗೆ ಹೆಚ್ಚು ಕಷ್ಟವಾದದ್ದು. ಪಾಂಚುವಿನ ತಾಯಿ ಕೂಡ ಇಲಿಶ್ ಮೀನು ತಂದು ಒಲೆ ಹಚ್ಚಿದ್ದಳು, ಬೀಗದಕೈಯ ಮಾತನ್ನು ಆಯಮ್ಮನ ಹತ್ತಿರವೇ ಆಡಿಕೊಳ್ಳುತ್ತೇನೆ ಎಂದಳು.

"ಅದಿರ್ಲಿ, ಬನಾನಿ ಏನಂದ್ಳು? ಅದನ್ನ ಹೇಳು," ಗೋಪೇನ್ ಬಾಬು ಕೇಳಿದರು. ಇಡೀ ಓಣಿ ಅವನ ಮುಖವನ್ನೇ ನೋಡುತ್ತಿತ್ತು.

ಸುಳ್ಳು ಹೇಳುವಷ್ಟು ಶಕ್ತಿ ಹಿರಣ್ಮಯನಲ್ಲಿ ಉಳಿದಿರಲಿಲ್ಲ.

"ಮದುವೆಗೆ ಒಪ್ಪಿದ್ರು," ಎಂದ.

ಪಾಂಚುವಿನ ತಾಯಿ ಒಳಗೆ ಓಡಿ ಶಂಖ ತಂದು ಊದಿದಳು. ಮಹಡಿ ಮಹಡಿಗಳಿಂದ ಹೆಂಗಸರು ನಾಲಿಗೆ ಹೊರಳಿಸಿ ಮಂಗಳದ ಉಲುಧ್ವನಿ ಮಾಡಿದರು. ಬೆಂಚಿನವರು ಒಬ್ಬರನ್ನೊಬ್ಬರು ಅಪ್ಪಿಕೊಂಡರು, ನಿಮಾಯಿ ಲಗ್ನಪತ್ರಿಕೆಯ ಅಕ್ಷರ ಯಾವ ಬಣ್ಣದ್ದಿರಲಿ ಎಂದು ಕೇಳಿದ. ಹಿರಣ್ಮಯ ಚಂದನನಗರ ಎಂಬ ಒಂದೇ ಒಂದು ಪದ ಹೇಳಬೇಕಾಗಿತ್ತು. ಹೇಳಲು ಬಾಯಿ ತೆರೆದ. ಗೋಪೇನ್ ಬಾಬು ಅದರೊಳಗೆ ಒಂದಿಡೀ ಸಂದೇಶ್ ಮಿಠಾಯಿ ಇಟ್ಟುಬಿಟ್ಟರು.