ಮೂರು ಪೆಟ್ಟಿಗೆ, ಒಂದು ಹುಂಜ

೧. ದಾರಿ

"ಅಜ್ಜ, ಕಕ್ಕಬೆಗೆ ಯಾವ ದಾರಿ?"

ರಂಗೂನು, ಕೊಲಂಬೊಗಳಲ್ಲಿ ದಾರಿ ತಪ್ಪದ ನಾನು ಪಕ್ಷದ ಕೆಲಸಕ್ಕೆಂದು ಬಂದು ಕೊಡಗಿನೊಳಗೇ ದಾರಿ ತಪ್ಪಿದ್ದೆ. ಚುನಾವಣೆ ಬಂದರೆ ನಮ್ಮ ಕಡೆಯವರಿಗೆ ಇಂಥದ್ದು ಆಗುತ್ತಲೇ ಇರುತ್ತದೆ.

ಏಣಿ ಮೇಲೆ ನಿಂತು ಮೆಣಸು ಕೊಯ್ಯುತ್ತಿದ್ದ ಅಜ್ಜ ಇಳಿಯದೆಯೇ ಕೇಳಿದ: "ನೀವು ಯಾರ ಕಡೆ?"

"ಆಸ್ಪತ್ರೆ ಕಡೆ."

ನಮ್ಮ ಪಕ್ಷ ಗೆದ್ದರೆ ಕಕ್ಕಬೆಗೆ ಹೆರಿಗೆ ಆಸ್ಪತ್ರೆ. ಎದುರು ಪಕ್ಷ ಗೆದ್ದರೆ ಸಾಹೇಬರು ತಂಗಲು ಬಂಗಲೆ. ಊರಿನ ಮುಕ್ಕಾಲು ಪಾಲು ನಮ್ಮ ಕಡೆಯೇ.

"ಹಾಗಾದ್ರೆ ಹ್ಯಾಗೆ ಹೇಳ್ಲಿ? ನಿಮ್ಮೋರು ಮೂವರು ನಿಂತಿದಾರೆ, ಮೂವರೂ ಮೂರು ದಾರೀಲಿ ಹೋದ್ರು. ಬಂಗಲೆಯವ ಒಬ್ನೇ. ಅವ ನೆಟ್ಟಗೆ ಹೋದ."

೨. ಸಂಧಾನ

ಟಿಕೆಟ್ ಒಬ್ಬನಿಗೆ, ಮುನಿಸು ಇಬ್ಬರಿಗೆ, ನಿಂತವರು ಮೂವರು. ಒಂದು ಚಾಪೆ ಮೇಲೆ ಕೂತು ಮಾತಾಡಿ ಅಂದೆ. ಉಳಿದಿಬ್ಬರ ಜೊತೆ ಕೂರುವುದಿಲ್ಲ ಅಂದರು, ಮೂವರೂ. ಮನೆಮನೆಗೆ ಹೋದೆ.

"ನಂಗೇನೂ ಆಸೆ ಇಲ್ಲಮ್ಮ, ಅವ ಮೊದಲು ಕಣದಿಂದ ಸರೀಲಿ," ಅಂದ ಮೊದಲನೆಯವ. ಎರಡನೆಯವನೂ ಅದನ್ನೇ ಅಂದ.

ಮೂರನೆಯವನು ಮಾತ್ರ ಸತ್ಯವಂತ: "ನಾನು ಸರಿದ್ರೆ ಅವರಿಬ್ಬರಲ್ಲಿ ಒಬ್ಬ ಗೆದ್ದುಬಿಡ್ತಾನಲ್ಲ."

ಎದುರು ಪಕ್ಷಕ್ಕೆ ಓಡಾಡುತ್ತಿದ್ದ, ಕಾಫಿ ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರು ನಕ್ಕರು. "ನಮ್ಮೋನೇ ಗೆಲ್ಲೋದು ಅಕ್ಕ. ಒಂದು ಹುಂಜ ಪಂಥ?"

"ಊರೇ ನಮ್ಮದು. ಆಗಲಿ," ಅಂದೆ.

೩. ಮತ

ಆಗ, ೧೯೫೨ರಲ್ಲಿ, ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಮೇಲೆ ಅವನ ಗುರುತು. ಚೀಟಿಯನ್ನು ಬೇಕಾದವನ ಪೆಟ್ಟಿಗೆಗೆ ಹಾಕಿದರಾಯಿತು.

ಹೊರಬಂದ ಅಜ್ಜಿಯೊಬ್ಬರನ್ನು ಕೇಳಿದೆ. ಅವರ ಸೊಸೆಯನ್ನು ಹೆರಿಗೆಗೆಂದು ಕುರ್ಚಿಯಲ್ಲಿ ಹೊತ್ತು ಮಡಿಕೇರಿಗೆ ಹೊರಟಿದ್ದರು, ತಲುಪಲಿಲ್ಲ. ಆಸ್ಪತ್ರೆ ಬೇಕೆಂದು ಅವರಷ್ಟು ಹಂಬಲಿಸಿದವರಿಲ್ಲ.

"ಯಾರಿಗೆ ಹಾಕಿದ್ರಿ ಅವ್ವ?"

"ಮೂವರಿಗೂ. ಚೀಟಿ ಹರಿದು ಮೂರು ಚೂರು ಮಾಡಿದೆ. ಮೂವರೂ ಮನೆಗೆ ಬಂದು ಕೈ ಮುಗಿದೋರು, ಒಬ್ಬನಿಗೆ ಹಾಕಿ ಇನ್ನಿಬ್ಬರ ಮುಖ ಹ್ಯಾಗೆ ನೋಡ್ಲಿ?"

ನನ್ನ ಮುಖ ನೋಡಿ ಸಮಾಧಾನವನ್ನೂ ಹೇಳಿದರು: "ಬಂಗಲೆಯವನಿಗೆ ಒಂದು ಚೂರೂ ಹಾಕ್ಲಿಲ್ಲ ಮಗಳೇ."

೪. ಹುಂಜ

ಮೂವರ ಮತ ಕೂಡಿಸಿದರೆ ಬಂಗಲೆಯವನ ದುಪ್ಪಟ್ಟು. ಕೂಡಿಸುವ ಕಾಯ್ದೆ ಇರಲಿಲ್ಲ, ಅವನೇ ಗೆದ್ದ. ಆಗ ಕೊಡಗೇ ಒಂದು ರಾಜ್ಯ, ಇಡೀ ರಾಜ್ಯದಲ್ಲಿ ಇದೇ ಕತೆ: ಜನ ನಮ್ಮವರು, ಸರ್ಕಾರ ಅವರದು.

ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ರೈಟರಿಗೆ ಒಪ್ಪಿಸಿದೆ. ಅವರು ದೊಡ್ಡ ಮನಸ್ಸಿನವರು. ಸಾರು ಮಾಡಿಸಿ ಸೋತವರನ್ನೂ ಕರೆದರು. ಮೂವರೂ ಬಂದರು. ಒಂದೇ ಚಾಪೆ ಮೇಲೆ ಒತ್ತೊತ್ತಿ ಕೂತರು. ತೊಡೆ ತುಂಡು ಬಂದಾಗ "ನೀ ಹಾಕಿಸ್ಕೋ," "ಛೆ, ನೀನೇ ಹಿರಿಯ," ಎಂದು ಒಬ್ಬರಿಗೊಬ್ಬರು ಬಿಟ್ಟುಕೊಟ್ಟರು.

ಬಡಿಸುತ್ತಿದ್ದ ರೈಟರು ನನ್ನ ಕಡೆ ಬಗ್ಗಿ ಮೆಲ್ಲಗೆ ಅಂದರು:

"ಇದನ್ನ ಚುನಾವಣೆಗೆ ಮುಂಚೆ ಕೊಯ್ದಿದ್ರೆ ನಿಮ್ಮ ಆಸ್ಪತ್ರೆ ಬರ್ತಿತ್ತಲ್ಲ ಅಕ್ಕ."